ಪ್ರೋಟಾನಿಗೆ ಸುಸ್ತಾದ ವರ್ಷ

ಜಗತ್ತಿನಲ್ಲಿರುವ ಪ್ರೋಟಾನುಗಳಿಗೆಲ್ಲ ಸುಸ್ತಾಗಿದೆ ಎಂಬ ಸುದ್ದಿ ರೇಡಿಯೊದಲ್ಲಿ ಬಂದ ಬೆಳಿಗ್ಗೆ ಜುಂಜಣ್ಣ ಬಚ್ಚಲುಮನೆಯಲ್ಲಿ ಮುಖಕ್ಕೆ ಸೋಪು ಹಚ್ಚಿಕೊಂಡು ನಿಂತಿದ್ದ. ನಿಮ್ಮ ಆಫೀಸಿನ ಹೆಸರು ಹೇಳ್ತಾವ್ರೆ ಬನ್ನಿ ಅಂತ ಹೆಂಡತಿ ಲಕ್ಕಮ್ಮ ಕೂಗಿದ್ದಕ್ಕೆ ಒಂದೇ ಕಣ್ಣು ಬಿಟ್ಟುಕೊಂಡು ಓಡಿಬಂದ. ಶಿರಾ ಹತ್ತಿರದ ಕೇಂದ್ರದಲ್ಲಿ ಡಾಕ್ಟರ್ ನಳಿನಾಕ್ಷಿಯವರ ತಂಡ ಪ್ರೋಟಾನಿನ ಒಳಗೆ ಇಣುಕಿ ನೋಡಿದೆ, ಅಲ್ಲಿ ಓಡಾಡುವ ಕ್ವಾರ್ಕೆಂಬ ಕಣಗಳು ಮೊದಲಿಗಿಂತ ನೂರಕ್ಕೆ ಎಂಟರಷ್ಟು ನಿಧಾನವಾಗಿವೆ, ಕಾರಣ ಇನ್ನೂ ತಿಳಿದಿಲ್ಲ ಎಂದು ವಾರ್ತೆ ಓದುವಾಕೆ ಹೇಳಿ ಹವಾಮಾನಕ್ಕೆ ಹೋದಳು. ಜುಂಜಣ್ಣ ಸೋಪು ಮೆತ್ತಿದ ಕೈಯಲ್ಲೇ ದೇವರ ಗೂಡಿಗೆ ಮುಗಿದ. ಈ ಕೀರ್ತಿಯಲ್ಲಿ ತನ್ನದೂ ಒಂದು ಪಾಲಿದೆ ಎಂದು ಅವನಿಗೆ ಖಾತ್ರಿಯಿತ್ತು. ಇದ್ದದ್ದೂ ಹೌದು, ಅವನು ಅಂದುಕೊಂಡ ರೀತಿಯಲ್ಲಿ ಅಲ್ಲ ಅಷ್ಟೆ.

ಕೇಂದ್ರಕ್ಕೆ ಸರ್ಕಾರ ಇಟ್ಟ ಹೆಸರು ಬೋರ್ಡಿನಲ್ಲಿ ಎರಡು ಸಾಲು ಹಿಡಿಯುತ್ತಿತ್ತು. ಸುತ್ತಲ ಹಳ್ಳಿಯವರು ಅಷ್ಟುದ್ದ ಹೇಳಲು ಪುರುಸೊತ್ತಿಲ್ಲದೆ ಡಿಕ್ಕಿ ಆಫೀಸು ಅನ್ನುತ್ತಿದ್ದರು. ಕುರಿ ಮೇಯುವ ಬಯಲಿನ ಅಡಿಯಲ್ಲಿ ಒಂದೂವರೆ ಮೈಲಿ ಉದ್ದದ ಸುರಂಗ. ಅದರಲ್ಲಿ ಎಲೆಕ್ಟ್ರಾನುಗಳನ್ನು ಬೆಳಕಿನ ವೇಗಕ್ಕೆ ಕೂದಲೆಳೆ ಕಮ್ಮಿಯಾಗುವಷ್ಟು ಓಡಿಸಿ, ಕೊನೆಯಲ್ಲಿ ಒಂದು ಪಾತ್ರೆಯಲ್ಲಿ ತುಂಬಿಟ್ಟ ಜಲಜನಕಕ್ಕೆ ಗುದ್ದಿಸುವುದು. ಜಲಜನಕವೇ ಏಕೆಂದರೆ ಅದರ ಪರಮಾಣುವಿನ ನಡುವೆ ಇರುವುದು ಒಂಟಿ ಪ್ರೋಟಾನು. ಜುಂಜಣ್ಣ ಅಲ್ಲಿ ಹಿರಿಯ ಫಿಟ್ಟರ್. ಮೂವತ್ತನಾಲ್ಕು ವರ್ಷದ ಸರ್ವೀಸು, ನಿವೃತ್ತಿಗೆ ಎಂಟು ತಿಂಗಳು ಬಾಕಿ. ಆ ಸುರಂಗದ ಯಾವ ನಟ್ಟು ಯಾವ ಕಡೆ ತಿರುಗುತ್ತದೆಂದು ಅವನ ಕೈಗೆ ಗೊತ್ತಿತ್ತು.

ಆ ವರ್ಷ ಕೇಂದ್ರಕ್ಕೆ ಬಂದ ಹೊಸ ಯಂತ್ರಕ್ಕೆ ಎಲ್ಲರೂ 'ಇಣುಕು' ಅನ್ನುತ್ತಿದ್ದರು. ಹಳೆಯ ಯಂತ್ರಗಳು ಕೋಟಿ ಡಿಕ್ಕಿಗಳನ್ನು ಒಟ್ಟುಗೂಡಿಸಿ ಸರಾಸರಿ ಹೇಳುತ್ತಿದ್ದವು. ಇಣುಕು ಹಾಗಲ್ಲ. ಒಂದೇ ಡಿಕ್ಕಿ, ಒಂದೇ ಪ್ರೋಟಾನು, ಆ ಕ್ಷಣದಲ್ಲಿ ಒಳಗೆ ಯಾರು ಯಾರು ಎಲ್ಲೆಲ್ಲಿ ಎಷ್ಟು ವೇಗದಲ್ಲಿದ್ದರು ಅನ್ನುವುದನ್ನು ಚಿತ್ರ ತೆಗೆದು ತೋರಿಸುತ್ತಿತ್ತು. ಅದನ್ನು ಕಟ್ಟಲು ನಳಿನಾಕ್ಷಿಯವರಿಗೆ ಹತ್ತೊಂಬತ್ತು ವರ್ಷ ಹಿಡಿದಿತ್ತು. ಮೈಸೂರಿನಿಂದ ಬರುವಾಗ ಕಪ್ಪಗಿದ್ದ ಅವರ ಕೂದಲು ಇಣುಕು ಮುಗಿಯುವ ಹೊತ್ತಿಗೆ ಪೂರಾ ಬೆಳ್ಳಗಾಗಿತ್ತು.

ಯಂತ್ರ ಕೂರಿಸಿದ ದಿನ ಜುಂಜಣ್ಣ ಸ್ಪ್ಯಾನರು ಒರೆಸಿಕೊಳ್ಳುತ್ತಾ, ಇದರಲ್ಲಿ ಹೊಸದಾಗಿ ಏನು ಕಾಣುತ್ತದೆ, ಪ್ರೋಟಾನಿನಲ್ಲಿ ಇರುವುದು ಮೂರು ಕ್ವಾರ್ಕು ಎಂದು ಮೊಮ್ಮಗಳ ಪುಸ್ತಕದಲ್ಲೇ ಬರೆದಿದೆಯಲ್ಲ ಎಂದು ಕೇಳಿದ್ದ. ನಳಿನಾಕ್ಷಿ ಅವನ ಮನೆಗೆ ನಾಮಕರಣಕ್ಕೆ ಒಮ್ಮೆ ಬಂದು ಊಟ ಮಾಡಿ ಹೋದವರು.

"ಜುಂಜಣ್ಣ, ನಿಮ್ಮ ರೇಷನ್ ಕಾರ್ಡಿನಲ್ಲಿ ಎಷ್ಟು ಹೆಸರಿದೆ?"

"ಮೂರು ಮೇಡಂ. ನಾನು, ನಮ್ಮ ಮನೇರು, ನಮ್ಮತ್ತೆ."

"ಮನೆಯಲ್ಲಿ ಎಷ್ಟು ಜನ ಇರ್ತಾರೆ?"

ಜುಂಜಣ್ಣ ತಲೆ ಕೆರೆದುಕೊಂಡ. "ಯಾವಾಗ ಮೇಡಂ?"

ಅದೇ ನೋಡಿ ಎಂದು ನಳಿನಾಕ್ಷಿ ನಕ್ಕರು. ಪ್ರೋಟಾನೂ ಹಾಗೇ, ದೂರದಿಂದ ನೋಡಿದರೆ ಮೂವರು. ಬಾಗಿಲು ತೆಗೆದು ಸರಕ್ಕನೆ ಇಣುಕಿದರೆ ನಾದಿನಿ, ಅವಳ ಗಂಡ, ಬಂದು ಹೋಗುವ ಜೋಡಿಗಳು. ಇವರು ಹೊರಡುವಷ್ಟರಲ್ಲಿ ಇನ್ನೊಂದು ಜೋಡಿ. ಇವರನ್ನೆಲ್ಲ ಬಿಟ್ಟುಹೋಗದ ಹಾಗೆ ಅಂಟಿಸಿ ಹಿಡಿಯುವ ಗ್ಲೂಆನುಗಳು ಬೇರೆ. ಪ್ರೋಟಾನಿನ ತೂಕದಲ್ಲಿ ಆ ಮೂರು ಕ್ವಾರ್ಕುಗಳ ಸ್ವಂತ ತೂಕ ನೂರಕ್ಕೆ ಒಂದರಷ್ಟೂ ಇಲ್ಲ, ಮಿಕ್ಕ ಭಾರವೆಲ್ಲ ಒಳಗಿನ ಓಡಾಟ ಎಳೆದಾಟದ್ದೇ ಎಂದು ವಿವರಿಸಿದರು. ಜುಂಜಣ್ಣ ಇದನ್ನು ಮನೆಗೆ ಹೋಗಿ ಒಪ್ಪಿಸಿದಾಗ ಲಕ್ಕಮ್ಮ ಒಲೆ ಮುಂದಿನಿಂದ ತಲೆಯೆತ್ತದೆ, ಮನೆ ಭಾರ ಯಾವುದು ಅಂತ ತಿಳ್ಕಳಕ್ಕೆ ಸುರಂಗ ತೋಡಬೇಕಿತ್ತಾ ಎಂದು ಕೇಳಿದಳು.

ಅದಾಗಿ ಎರಡು ತಿಂಗಳಿಗೆ ಆಯುಧಪೂಜೆ ಬಂತು. ಡಿಕ್ಕಿ ಆಫೀಸಿನಲ್ಲಿ ಆಯುಧಪೂಜೆಯೆಂದರೆ ಜುಂಜಣ್ಣನದೇ ಯಜಮಾನಿಕೆ. ಲೇತ್ ಯಂತ್ರಕ್ಕೆ, ಕೊರೆಯುವ ಯಂತ್ರಕ್ಕೆ, ಕಂಟ್ರೋಲ್ ರೂಮಿನ ಕಂಪ್ಯೂಟರುಗಳಿಗೆ ಅರಿಶಿನ ಕುಂಕುಮ ಚೆಂಡುಹೂವು. ಜೀಪಿಗೂ ಸುರಂಗದ ಟ್ರಾಲಿಗೂ ಚಕ್ರದಡಿ ನಿಂಬೆಹಣ್ಣು ಇಟ್ಟು ಮುಂದಕ್ಕೆ ಹಾಯಿಸುವುದು. ನಳಿನಾಕ್ಷಿ ಈ ಕಡೆ ತಲೆ ಹಾಕುತ್ತಿರಲಿಲ್ಲ. ಪೂಜೆ ನಿಮ್ಮದು, ಪ್ರೋಟಾನು ನನ್ನದು ಎನ್ನುತ್ತಿದ್ದರು, ಪೂಜೆಯ ಚರ್ಪು ಹಂಚುವಾಗ ಮಾತ್ರ ಕೈ ಒಡ್ಡುತ್ತಿದ್ದರು.

ಎಲ್ಲ ಮುಗಿದು ಇಣುಕಿನ ಮುಂದೆ ಬಂದಾಗ ಜುಂಜಣ್ಣನಿಗೆ ತೊಡಕಾಯಿತು. ಅದಕ್ಕೆ ಚಕ್ರವಿಲ್ಲ. ನೆಲಕ್ಕೆ ಬೋಲ್ಟು ಹಾಕಿ ಕೂರಿಸಿದ ಮೂರಾಳೆತ್ತರದ ಯಂತ್ರ. ಜೊತೆಯವರು ಹೂವು ಸಾಕು ನಡಿಯಣ್ಣ ಅಂದರು. ಜುಂಜಣ್ಣ ಅರ್ಧಕ್ಕೆ ಬಿಡುವ ಆಸಾಮಿಯಲ್ಲ. ಗಲ್ಲದ ಮೇಲೆ ಕೈಯಿಟ್ಟುಕೊಂಡು ಯೋಚಿಸಿದ. ಇಲ್ಲಿ ಓಡುವುದು ಯಾವುದು? ಎಲೆಕ್ಟ್ರಾನ್ ಕಿರಣ. ಅದು ಬರುವ ದಾರಿ ಯಾವುದು? ಕೊಳವೆ. ಕೊಳವೆಯ ಬಾಯಿಗೂ ಜಲಜನಕದ ಪಾತ್ರೆಗೂ ನಡುವೆ ಒಂದು ಗೇಣು ತೆರಪಿತ್ತು, ಅಲ್ಲೊಂದು ಬಳೆಯಂಥ ಸಣ್ಣ ಉಕ್ಕಿನ ಹಿಡಿಕೆಯಿತ್ತು. ನಿಂಬೆಹಣ್ಣು ಆ ಹಿಡಿಕೆಯಲ್ಲಿ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಬೆರಳು ದಪ್ಪದ ತಗಡನ್ನು ತೂರಿಕೊಂಡು ಹೋಗುವ ಕಿರಣಕ್ಕೆ ನಿಂಬೆಹಣ್ಣು ಯಾವ ಲೆಕ್ಕ ಎಂದು ಅವನೆಂದುಕೊಂಡದ್ದು ಸುಳ್ಳೂ ಅಲ್ಲ.

ಮಾರನೆಯ ದಿನ ಬಾಗಿಲಿಗೆ ಬೀಗ ಬಿತ್ತು. ಕಿರಣ ಹರಿಯುವಾಗ ಒಳಗೆ ನರಪಿಳ್ಳೆ ಹೋಗುವಂತಿಲ್ಲ, ಈ ಸಲ ಆರು ವಾರ. ಬೀಗ ಹಾಕುವ ಮುನ್ನ ನಲವತ್ತೊಂದು ಸಾಲಿನ ಒಂದು ಪಟ್ಟಿಗೆ ಸಹಿ ಹಾಕಬೇಕು. ಏಣಿ ಹೊರಗೆ ಬಂದಿದೆ, ಸ್ಪ್ಯಾನರು ಎಣಿಸಿದೆ, ಒರೆಸುವ ಬಟ್ಟೆ ಬಿಟ್ಟಿಲ್ಲ. ಜುಂಜಣ್ಣ ಒಂದೊಂದೂ ನೋಡಿ ಸಹಿ ಮಾಡಿದ. ನಿಂಬೆಹಣ್ಣಿನ ಬಗ್ಗೆ ಪಟ್ಟಿಯಲ್ಲಿ ಏನೂ ಬರೆದಿರಲಿಲ್ಲ.

ಒಂದೇ ವಾರಕ್ಕೆ ಕಂಟ್ರೋಲ್ ರೂಮಿನಲ್ಲಿ ಗದ್ದಲವೆದ್ದಿತು. ಡಿಕ್ಕಿಗಳು ನಿರೀಕ್ಷೆಗಿಂತ ಎಷ್ಟೋ ಪಟ್ಟು ಹೆಚ್ಚು ಕಾಣುತ್ತಿದ್ದವು. ಹೊಸ ಯಂತ್ರದ ಕಣ್ಣು ಅಷ್ಟು ಚುರುಕು ಎಂದು ಎಲ್ಲರೂ ಹಿಗ್ಗಿದರು. ಆಮೇಲೆ ವೇಗ ನೋಡಿದರೆ ಕ್ವಾರ್ಕುಗಳು ನಿಧಾನ. ನಳಿನಾಕ್ಷಿ ಲೆಕ್ಕವನ್ನು ಐದು ಸಲ ತಿರುಗಿಸಿ ನೋಡಿದರು, ಎಂಟು ಎಂಟಾಗಿಯೇ ಉಳಿಯಿತು. ಅವರು ಕುರ್ಚಿಗೆ ಒರಗಿ ಕಣ್ಣೊರೆಸಿಕೊಂಡದ್ದನ್ನು ಜುಂಜಣ್ಣ ಬಾಗಿಲಿನಿಂದ ಕಂಡ, ಅವನ ಕಣ್ಣೂ ಒದ್ದೆಯಾಯಿತು. ಆವತ್ತು ಸಂಜೆ ಹೆಂಡತಿಯ ಹತ್ತಿರ, ನಿಂಬೆಹಣ್ಣು ಕೆಲಸ ಮಾಡ್ತು ಕಣೇ ಎಂದು ಗುಟ್ಟಾಗಿ ಹೇಳಿದ.

ರೇಡಿಯೊದವರಿಗೆ ಸಿಕ್ಕ ಮೇಲೆ ಸುದ್ದಿ ಹಿಡಿತಕ್ಕೆ ಬರಲಿಲ್ಲ. ಜಡವಸ್ತುವೇ ದಣಿದಿದೆಯೆಂದ ಮೇಲೆ ಜನ ಬಿಟ್ಟಾರೆಯೆ? ಶಿರಾ ಬಸ್ಸು ಮುಕ್ಕಾಲು ಗಂಟೆ ತಡವಾಗಿ ಬಂದರೆ ಕಂಡಕ್ಟರು, ಒಳಗಿಂದಲೇ ಸ್ಲೋ ಆಗೈತೆ ಸ್ವಾಮಿ, ನಾವೇನ್ಮಾಡಣ ಎಂದು ಪೇಪರು ತೋರಿಸುತ್ತಿದ್ದ. ನಲ್ಲಿ ನೀರು ಬಿಡುವವನು ಎರಡು ದಿನ ನಾಪತ್ತೆಯಾಗಿ ಪ್ರೋಟಾನಿನ ಹೆಸರು ಹೇಳಿದ. ಶಾಲೆಯಲ್ಲಿ ಮಕ್ಕಳು ಮನೆಪಾಠ ಮಾಡದೆ ಬಂದು, ಮೇಷ್ಟ್ರೇ ಕ್ವಾರ್ಕು ಅಂದವು; ಮೇಷ್ಟ್ರ ಕೈಗೆ ಸುಸ್ತಾಗಿರಲಿಲ್ಲವಾದ್ದರಿಂದ ಆ ವಿಷಯ ಅಲ್ಲಿಗೇ ನಿಂತಿತು. ಜುಂಜಣ್ಣನ ಅತ್ತೆ ರಾಗಿ ಹಸನು ಮಾಡುವುದನ್ನು ಬಿಟ್ಟು ಗೋಡೆಗೆ ಒರಗಿ, ಮೂವತ್ತು ವರ್ಷದಿಂದ ನಾನು ಹೇಳ್ತಾನೇ ಇದ್ದೆ, ಯಾರೂ ನಂಬ್ಲಿಲ್ಲ ಎಂದಳು.

ಇದರ ಮೇಲೆ ಐದನೆಯ ವಾರ ಹೊಸ ಸುದ್ದಿ ಬಂತು. ಎಂಟು ಇದ್ದದ್ದು ಏಳಾಯಿತು, ಆರಾಯಿತು, ಐದಕ್ಕೆ ಇಳಿಯಿತು. ಪ್ರೋಟಾನು ಚೇತರಿಸಿಕೊಳ್ಳುತ್ತಿದೆ! ಪೇಟೆಯ ಯೋಗದ ಮೇಷ್ಟ್ರು ಮೈದಾನದಲ್ಲಿ ನಾನೂರು ಜನರನ್ನು ಕೂರಿಸಿ ಸಾಮೂಹಿಕ ಉಸಿರಾಟ ಮಾಡಿಸುತ್ತಿದ್ದರು, ಇಳಿದದ್ದು ಅದರಿಂದಲೇ ಎಂದು ಬ್ಯಾನರು ಕಟ್ಟಿಸಿದರು. ಜರ್ಮನಿಯಲ್ಲಿ ನಡೆಯುವ ಜಾಗತಿಕ ಸಮ್ಮೇಳನದಲ್ಲಿ ಮೊದಲ ಭಾಷಣಕ್ಕೆ ನಳಿನಾಕ್ಷಿಯವರನ್ನು ಕರೆದರು.

ಆ ವಾರವೇ ಕ್ಯಾಂಟೀನಿನಲ್ಲಿ ಅವರು ಜುಂಜಣ್ಣನ ಎದುರು ತಟ್ಟೆ ಇಟ್ಟುಕೊಂಡು ಕೂತರು. ಮುಖ ಬಾಡಿತ್ತು. ಒಂದು ವಿಷಯ ಬಗೆಹರಿಯುತ್ತಿಲ್ಲ ಎಂದರು. ಕ್ವಾರ್ಕು ನಿಧಾನವಾಗುವುದು ಹೊಸದೇನಲ್ಲ, ಇಂಗಾಲ, ಆಮ್ಲಜನಕದಂಥವುಗಳಲ್ಲಿ ಅದು ಮೊದಲಿಂದ ಗೊತ್ತಿರುವುದೇ. ಅಲ್ಲಿ ಒಂದೇ ಪರಮಾಣುವಿನ ನಡುವೆ ಹತ್ತಾರು ಪ್ರೋಟಾನು ನ್ಯೂಟ್ರಾನು ಒತ್ತೊತ್ತಾಗಿ ಇರುತ್ತವೆ, ಹಬ್ಬಕ್ಕೆ ನೆಂಟರು ತುಂಬಿದ ನಿಮ್ಮ ಮನೆಯಲ್ಲಿ ನೀವು ಬೀಸುಹೆಜ್ಜೆ ಹಾಕಲಾಗದ ಹಾಗೆ. ಆದರೆ ನಮ್ಮದು ಜಲಜನಕ. ಒಂಟಿ ಪ್ರೋಟಾನು, ನೆಂಟರಿಲ್ಲ, ಇಷ್ಟರಿಲ್ಲ. ಅದೇಕೆ ನಿಧಾನವಾಗಬೇಕು?

"ಅದರ ಮುಂದೆಗಡೆ ಏನೂ ಇಲ್ವಾ ಮೇಡಂ?" ಎಂದ ಜುಂಜಣ್ಣ, ಮಾತಿಗೆ ಮಾತು ಅಂತ.

"ಏನಿದೆ? ಒಂದು ಗೇಣು ಗಾಳಿ."

ಬಾಯಿಗೆ ಹೋಗುತ್ತಿದ್ದ ಮುದ್ದೆಯ ತುತ್ತು ಅಲ್ಲೇ ನಿಂತಿತು. ನಿಂಬೆಹಣ್ಣಿನಲ್ಲಿ ಏನಿರುತ್ತದೆ ಎಂದು ಜುಂಜಣ್ಣ ಮನಸ್ಸಿನಲ್ಲೇ ಕೇಳಿಕೊಂಡ. ರಸ. ರಸವೆಂದರೆ ನೀರು, ನೀರಿನಲ್ಲಿ ಆಮ್ಲಜನಕ. ಸಿಪ್ಪೆ, ನಾರು, ಅದೆಲ್ಲ ಇಂಗಾಲ. ಆರು ವಾರ ಬೆಚ್ಚಗೆ ಕೂತರೆ ರಸ ಆರುತ್ತದೆ, ಹಣ್ಣು ಒಣಗುತ್ತದೆ, ಎಂಟು ಐದಾಗುತ್ತದೆ. ತುತ್ತನ್ನು ತಟ್ಟೆಗೆ ಇಳಿಸಿದ. ನೀರು ಕುಡಿದು, ಖಾಲಿ ಪಾತ್ರೆ ಒಂದ್ಸಲ ಮತ್ತೆ ನೋಡ್ಬಾರ್ದಾ ಮೇಡಂ ಎಂದು ಮೆಲ್ಲಗೆ ಕೇಳಿದ. ಜಲಜನಕ ತುಂಬುವ ಮುಂಚೆ ಬರಿದಾದ ಪಾತ್ರೆಗೆ ಕಿರಣ ಹಾಯಿಸಿ, ಬಂದದ್ದನ್ನು ಕೊನೆಗೆ ಕಳೆಯುವುದು ಅಲ್ಲಿಯ ಪದ್ಧತಿ, ಹಾಲಿನವನು ಕ್ಯಾನಿನ ತೂಕ ಕಳೆಯುವಂತೆ. ಅದನ್ನು ಹಬ್ಬಕ್ಕೆ ಮೊದಲೇ ಮಾಡಿದ್ದೇವಲ್ಲ, ಮತ್ತೆ ಮಾಡಲು ಸಮಯವೆಲ್ಲಿದೆ ಎಂದು ನಳಿನಾಕ್ಷಿ ತಟ್ಟೆ ಎತ್ತಿಕೊಂಡು ಎದ್ದರು.

ಸೋಮವಾರ ಬೀಗ ತೆಗೆದರು. ಜುಂಜಣ್ಣ ಎಲ್ಲರಿಗಿಂತ ಮುಂಚೆ ಒಳಗೆ ಹೋದ. ಹಿಡಿಕೆಯಲ್ಲಿ ನಿಂಬೆಹಣ್ಣು ಕೂತೇ ಇತ್ತು, ಒಣಗಿ ಅಡಿಕೆಯಷ್ಟಾಗಿ ಕಪ್ಪಿಟ್ಟಿತ್ತು. ನಟ್ಟನಡುವೆ ಒಂದು ಕಂದು ಚುಕ್ಕೆ, ಆ ಕಡೆಯೂ ಅಂಥದೇ ಚುಕ್ಕೆ. ವಿಕಿರಣದ ಮೀಟರು ಹಿಡಿದು ನೋಡಿದ, ಮುಳ್ಳು ಅಲ್ಲಾಡಲಿಲ್ಲ. ಅಲ್ಲಿಗೆ ಇದು ಈಗ ಬರೀ ಒಣ ನಿಂಬೆಹಣ್ಣು.

ಎತ್ತಿ ಬಿಸಾಡಿಬಿಟ್ಟರೆ ಮುಗಿಯಿತು ಎಂದು ಅವನಿಗೆ ಅನ್ನಿಸದೆ ಇರಲಿಲ್ಲ. ಮುಂದಿನ ಸಲ ಕ್ವಾರ್ಕುಗಳು ಸರಿಯಾಗಿ ಓಡುತ್ತವೆ. ಪ್ರೋಟಾನು ಪೂರ್ತಿ ಗುಣವಾಯಿತು ಎಂದು ಜಗತ್ತು ಹೇಳುತ್ತದೆ, ಯೋಗದ ಮೇಷ್ಟ್ರು ಇನ್ನೊಂದು ಬ್ಯಾನರು ಕಟ್ಟಿಸುತ್ತಾರೆ. ಮೇಡಂ ಹೆಸರು ಉಳಿಯುತ್ತದೆ, ತನ್ನ ಮೂವತ್ತನಾಲ್ಕು ವರ್ಷದ ಮರ್ಯಾದೆಯೂ ಉಳಿಯುತ್ತದೆ. ಯಾರಿಗೆ ಏನು ನಷ್ಟ?

ಆದರೆ ಬಿಸಾಡುವುದೆಲ್ಲಿ? ಪೂಜೆಗಿಟ್ಟ ಹಣ್ಣು. ಕಸದ ತೊಟ್ಟಿಗೆ ಹಾಕುವ ಹಾಗಿಲ್ಲ, ಯಾರೂ ತುಳಿಯದ ಜಾಗಕ್ಕೆ ಸೇರಬೇಕು. ಕೇಂದ್ರದ ಬೇವಿನಮರದ ಬುಡಕ್ಕೆ ಒಯ್ದರೆ ಅಲ್ಲಿ ಡ್ರೈವರುಗಳು ಚಪ್ಪಲಿ ಬಿಟ್ಟು ಮಲಗಿದ್ದರು. ಬಾವಿಯ ಮೇಲೆ ಬಲೆ ಹೊದಿಸಿದ್ದರು. ಮಧ್ಯಾಹ್ನವೆಲ್ಲ ಅದನ್ನು ಜೇಬಿನಲ್ಲಿಟ್ಟುಕೊಂಡು ಸುತ್ತಿದ. ಕೊನೆಗೆ ಟವೆಲ್ಲಿನಲ್ಲಿ ಕಟ್ಟಿ ಮನೆಗೆ ತಂದು ದೇವರ ಗೂಡಿನ ಮೂಲೆಯಲ್ಲಿಟ್ಟ.

ದೀಪ ಹಚ್ಚಲು ಹೋದ ಲಕ್ಕಮ್ಮನ ಕೈಗೆ ಅದು ಸಿಕ್ಕಿತು. ಚುಕ್ಕೆಯನ್ನು ತಿರುಗಿಸಿ ತಿರುಗಿಸಿ ನೋಡಿ, ಏನಿದು ಎಂದಳು. ಜುಂಜಣ್ಣ ಗೋಡೆ ನೋಡುತ್ತಾ ಎಲ್ಲ ಹೇಳಿದ. ಮೊದಲು ಅವಳಿಗೆ ನಗು ಬಂತು, ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ಆಮೇಲೆ ಗಂಡನ ಮುಖ ನೋಡಿ ಸುಮ್ಮನಾದಳು.

"ಆಯಮ್ಮ ಜರ್ಮನಿಗೆ ಹೋಗಿ ಇದನ್ನೇ ಹೇಳ್ತದಾ?"

"ಹೂಂ. ಬುಧವಾರ ವಿಮಾನ."

"ಅಲ್ಲಿರೋರು ತಾವೂ ನೋಡ್ತಾರೆ ತಾನೆ? ಅವರ ತಾವ ನಿಂಬೆಹಣ್ಣು ಇರಲ್ಲ. ಆವಾಗ ಆಯಮ್ಮನ್ನ ಸುಳ್ಳಿ ಅಂತಾರೆ ಕಣ್ರೀ. ತಪ್ಪು ಮಾಡಿದೋರು ನೀವು. ಸುಳ್ಳಿ ಅನ್ನಿಸ್ಕಳಾದು ಆಯಮ್ಮನಾ?"

ಇಷ್ಟು ದಿನ ಮೇಡಂ ಹೆಸರು ಉಳಿಸಬೇಕು ಅಂದುಕೊಂಡದ್ದೆಲ್ಲ ತನ್ನ ಮುಖ ಉಳಿಸಿಕೊಳ್ಳುವ ಉಪಾಯವೇ ಎಂದು ಆಗ ಜುಂಜಣ್ಣನಿಗೆ ತಿಳಿಯಿತು. ತುಂಬ ನಾಚಿಕೆಯಾಯಿತು.

ಮಂಗಳವಾರ ಬೆಳಿಗ್ಗೆ ನಳಿನಾಕ್ಷಿಯವರ ಕೋಣೆಯಲ್ಲಿ ಸೂಟ್‌ಕೇಸು ತೆರೆದು ಬಿದ್ದಿತ್ತು. ಜುಂಜಣ್ಣ ಟವೆಲ್ಲು ಬಿಚ್ಚಿ, ಮೇಜಿನ ಮೇಲೆ ಅವರ ಭಾಷಣದ ಹಾಳೆಗಳ ಪಕ್ಕದಲ್ಲಿ ಹಣ್ಣನ್ನಿಟ್ಟ.

"ಒಂದು ಗೇಣು ಗಾಳಿ ಅಂದ್ರಲ್ಲ ಮೇಡಂ. ಗಾಳಿ ಅಲ್ಲ, ಇದು. ಆಯುಧಪೂಜೆ ದಿನ ನಾನೇ ಇಟ್ಟೆ. ಇಣುಕಿಗೆ ಚಕ್ರ ಇರ್ಲಿಲ್ಲ."

ನಳಿನಾಕ್ಷಿ ಹಣ್ಣನ್ನು ನೋಡಿದರು, ಚುಕ್ಕೆಯನ್ನು ನೋಡಿದರು. ಬೈದರೂ ಆಗಿತ್ತು ಎಂದು ಜುಂಜಣ್ಣ ಟವೆಲ್ಲು ಮಡಿಸುತ್ತಾ ನಿಂತ. ಅವರು ಬೈಯಲಿಲ್ಲ. ಹತ್ತೊಂಬತ್ತು ವರ್ಷ, ಜುಂಜಣ್ಣ, ಎಂದಷ್ಟೇ ಹೇಳಿ ಕಿಟಕಿ ಕಡೆ ತಿರುಗಿ ನಿಂತರು. ಅವರ ಹೆಗಲು ಅಲುಗಿದ್ದು ಕಂಡು ಅವನಿಗೆ ಸುರಂಗದಲ್ಲೇ ಹೂತುಹೋಗೋಣ ಅನ್ನಿಸಿತು. ಆಮೇಲೆ ಅವರು ಕಣ್ಣೊರೆಸಿಕೊಂಡು, ಮೊದಲು ಖಾಲಿ ಪಾತ್ರೆ ನೋಡೋಣ ಬನ್ನಿ, ನೀವು ಹೇಳಿದಾಗಲೇ ಕೇಳಬೇಕಿತ್ತು ಎಂದರು.

ಎರಡು ಗಂಟೆಯ ಕೆಲಸ. ಒಮ್ಮೆ ಹಣ್ಣು ತೆಗೆದು, ಒಮ್ಮೆ ಅದೇ ಹಿಡಿಕೆಯಲ್ಲಿ ಮತ್ತೆ ಕೂರಿಸಿ ಕಿರಣ ಹಾಯಿಸಿದರು. ಹಣ್ಣಿದ್ದಾಗ ಖಾಲಿ ಪಾತ್ರೆಯಲ್ಲೂ ಡಿಕ್ಕಿ ಕಂಡವು, ಕ್ವಾರ್ಕು ನಿಧಾನ; ಹಣ್ಣು ತೆಗೆದು ಜಲಜನಕ ತುಂಬಿದಾಗ ಸರಾಗ. ಪ್ರೋಟಾನಿಗೆ ಯಾವ ಸುಸ್ತೂ ಇರಲಿಲ್ಲ, ಎಂದೂ ಇರಲಿಲ್ಲ. ನಳಿನಾಕ್ಷಿ ಪರದೆಯ ಮುಂದಿನಿಂದ ಏಳಲಿಲ್ಲ. ಆರು ವಾರದ ಅಂಕಿಗಳನ್ನು ದಿನವಾರು ಸಾಲಾಗಿಸಿದರು, ಆಮೇಲೆ ಕ್ಯಾಂಟೀನಿನಿಂದ ಒಂದು ಹಸಿ ನಿಂಬೆಹಣ್ಣು ತರಿಸಿ ತೂಗಿದರು, ಒಣಗಿದ್ದನ್ನು ತೂಗಿದರು. ಸಂಜೆಯ ಹೊತ್ತಿಗೆ ಅವರ ಮುಖದಲ್ಲಿ ಬೇರೆಯೇ ಕಳೆಯಿತ್ತು. ಯಾವ ದಿನ ಎಷ್ಟು ರಸ ಆರಿದೆ, ಆ ದಿನ ಕ್ವಾರ್ಕುಗಳ ವೇಗ ಎಷ್ಟು ಎನ್ನುವುದು ಗೆರೆ ಎಳೆದ ಹಾಗೆ ಹೊಂದುತ್ತಿತ್ತು. ಇಂಥ ಅಳತೆಯನ್ನು ಈವರೆಗೆ ಯಾರೂ ಮಾಡಿರಲಿಲ್ಲ, ಏಕೆಂದರೆ ಕಿರಣದ ಮುಂದೆ ಒಣಗುವ ವಸ್ತುವನ್ನು ಆರು ವಾರ ಇಡುವ ಬುದ್ಧಿ ಯಾರಿಗೂ ಬಂದಿರಲಿಲ್ಲ.

ಜರ್ಮನಿಯ ಸಭೆಯಲ್ಲಿ ಅವರು ಪ್ರೋಟಾನಿಗೆ ಸುಸ್ತಾಗಿದೆ ಎಂದು ತಾವು ಹೇಳಿದ್ದು ತಪ್ಪು ಎಂಬಲ್ಲಿಂದಲೇ ಶುರುಮಾಡಿದರಂತೆ. ಯಾರ ತಪ್ಪು ಎಂದು ಯಾರೋ ಕೇಳಿದಾಗ, ಹಣ್ಣಿಟ್ಟವರು ತಮ್ಮ ಪದ್ಧತಿ ಬಿಡಲಿಲ್ಲ, ಖಾಲಿ ಪಾತ್ರೆಯನ್ನು ಮತ್ತೆ ನೋಡದೆ ನನ್ನ ಪದ್ಧತಿ ಬಿಟ್ಟವಳು ನಾನು ಎಂದರಂತೆ. ಸಭೆ ನಕ್ಕಿತು. ನಗು ನಿಂತ ಮೇಲೆ ಮುಂದಿನ ಸಾಲಿನ ಮುದುಕರೊಬ್ಬರು ಎದ್ದು, ಹಣ್ಣು ಕಾಯಾಗಿತ್ತೋ ಮಾಗಿತ್ತೋ ಎಂದು ಗಂಭೀರವಾಗಿ ಕೇಳಿದರು. ಅಲ್ಲಿಂದ ಚರ್ಚೆ ಮೂರು ಗಂಟೆ ನಡೆಯಿತು.

ಶಿರಾದಲ್ಲಿ ಬ್ಯಾನರು ಇಳಿಯಿತು. ಬಸ್ಸು ತಡವಾಗುವುದು ನಿಲ್ಲಲಿಲ್ಲ, ಕಂಡಕ್ಟರು ಮಾತ್ರ ಈಗ ಸುಮ್ಮನೆ ಬೈಸಿಕೊಳ್ಳುತ್ತಿದ್ದ. ಅತ್ತೆ ಒಬ್ಬಳು ಈ ತಿದ್ದುಪಡಿಯನ್ನು ಒಪ್ಪಲಿಲ್ಲ. ಜುಂಜಣ್ಣನಿಗೆ ಕೇಂದ್ರದಿಂದ ಒಂದು ಎಚ್ಚರಿಕೆಯ ಮೆಮೊ ಬಂತು. ಅದರ ಹಿಂದೆಯೇ ಬಂದ ಪ್ರಬಂಧದಲ್ಲಿ ಲೇಖಕರ ಪಟ್ಟಿಯ ಕೊನೆಗೆ ಅವನ ಹೆಸರಿತ್ತು. ಲಕ್ಕಮ್ಮ ಎರಡನ್ನೂ ಕಟ್ಟು ಹಾಕಿಸಿ ಒಂದೇ ಮೊಳೆಗೆ ತೂಗುಹಾಕಿದಳು.

ಮುಂದಿನ ಆಯುಧಪೂಜೆಗೆ ಜುಂಜಣ್ಣ ನಿವೃತ್ತನಾಗಿ ನಾಲ್ಕು ತಿಂಗಳಾಗಿತ್ತು. ಆದರೂ ಕರೆ ಬಂತು, ಪಂಚೆ ಉಟ್ಟು ಹೋದ. ಜೀಪಿಗೆ, ಟ್ರಾಲಿಗೆ ಪೂಜೆಯಾಯಿತು. ಬೀಗದ ಪಟ್ಟಿಯಲ್ಲೀಗ ನಲವತ್ತೆರಡು ಸಾಲುಗಳಿದ್ದವು, ಕೊನೆಯದರಲ್ಲಿ ನಿಂಬೆಹಣ್ಣು ಇಟ್ಟದ್ದೆಷ್ಟು, ತೆಗೆದದ್ದೆಷ್ಟು ಎಂದು ಅಚ್ಚಾಗಿತ್ತು. ಅದನ್ನು ಓದಿ ಅವನು ತಲೆ ತಗ್ಗಿಸಿ ನಿಂತಿದ್ದಾಗ ಹಿಂದಿನಿಂದ ನಳಿನಾಕ್ಷಿ ಬಂದರು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅವರು ಪೂಜೆಯ ಹೊತ್ತಿಗೆ ಸುರಂಗಕ್ಕೆ ಇಳಿದಿದ್ದರು. ಒಂದು ಕೈಯಲ್ಲಿ ಮಾಗಿದ ನಿಂಬೆಹಣ್ಣು, ಇನ್ನೊಂದರಲ್ಲಿ ದಪ್ಪ ರಿಜಿಸ್ಟರು. ಈ ವರ್ಷದ ಪ್ರಯೋಗ ಇದರದ್ದೇ, ಹೋದ ಸಲ ಹೇಗಿಟ್ಟಿದ್ದಿರೋ ಹಾಗೇ ಇಡಬೇಕು, ಇಲ್ಲದಿದ್ದರೆ ಎರಡನ್ನೂ ಹೋಲಿಸಲಾಗುವುದಿಲ್ಲ ಎಂದರು.

ಜುಂಜಣ್ಣ ಕೈ ತೊಳೆದುಕೊಂಡು ಬಂದು ಹಣ್ಣನ್ನು ತೆಗೆದುಕೊಂಡ. ನಳಿನಾಕ್ಷಿ ಪೆನ್ನಿನ ಮುಚ್ಚಳ ತೆಗೆದರು.

"ತೊಟ್ಟು ಯಾವ ಕಡೆಗಿತ್ತು, ಜುಂಜಣ್ಣ?"

"ಪೂರ್ವಕ್ಕೆ ಮೇಡಂ."

ಅವರು ಬರೆದುಕೊಂಡರು.